ಬೊಜ್ಜದ ಮನೆಗೆ ಹೇಳಿ ಮಾಡಿಸಿದ ಕಾರು

ನನ್ನ ಸೋದರಮಾವನಿಗೆ ಬದುಕಿರುವವರ ಮೇಲೆ ಅಷ್ಟೇನೂ ಆಸಕ್ತಿ ಇಲ್ಲ. ಹಾಗೆಂದು ಅವರು ಕೆಟ್ಟ ಮನುಷ್ಯರಲ್ಲ. ಬದುಕಿರುವವರು ಹೇಗೂ ಇರುತ್ತಾರೆ, ಇವತ್ತಲ್ಲದಿದ್ದರೆ ನಾಳೆ ಪೇಟೆಯಲ್ಲಿ ಸಿಗುತ್ತಾರೆ, ಅವರಿಗಾಗಿ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಡುವ ಅಗತ್ಯವೇನು ಎಂಬುದು ಅವರ ವಾದ. ಸತ್ತವರ ವಿಷಯ ಹಾಗಲ್ಲವಲ್ಲ! ಅವರಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ತಪ್ಪಿದರೆ ಮತ್ತೆ ಮುಖ ನೋಡುವ ಹಾಗಿಲ್ಲ.

ಪುಂಜಾಲಕಟ್ಟೆಯ ಹತ್ತಿರ ಅವರ ಮನೆ. ಅಲ್ಲಿಂದ ಬಂಟ್ವಾಳದ ಕಡೆಗೆ ಪೊಳಲಿಯವರೆಗೆ, ಈ ಕಡೆ ಬೆಳ್ತಂಗಡಿಯಾಚೆಗೆ, ಇನ್ನೊಂದು ದಿಕ್ಕಿಗೆ ಮೂಡಬಿದ್ರೆಯವರೆಗೆ ಯಾರದೇ ಬೊಜ್ಜವಿರಲಿ, ಅಂದರೆ ಉತ್ತರಕ್ರಿಯೆಯ ಊಟವಿರಲಿ, ಮಾವ ಅಲ್ಲಿ ಹಾಜರು. ಮದುವೆಗೆ ಮಾತ್ರ ಹೋಗುವುದಿಲ್ಲ. ಕಾರಣ ಕೇಳಿದರೆ ಬೇಸರದ ಮುಖ ಮಾಡಿ, "ಮದುವೆಗೆ ಸಾವಿರ ಜನ ಬರ್ತಾರೆ ಮಾರಾಯ್ತಿ. ನಾನು ಹೋಗದಿದ್ದರೆ ಯಾರಿಗೆ ಗೊತ್ತಾಗ್ತದೆ? ಬೊಜ್ಜದಲ್ಲಿ ಒಂದು ಎಲೆ ಖಾಲಿ ಉಳಿದರೆ ಮನೆಯವರ ಕಣ್ಣಿಗೆ ಬೀಳ್ತದೆ" ಎನ್ನುತ್ತಾರೆ. ಬೆಳಿಗ್ಗೆ ಪೇಪರು ಬಂದ ಕೂಡಲೇ ಅವರು ತೆರೆಯುವುದು ನಿಧನ ವಾರ್ತೆಯ ಪುಟವನ್ನು. ಗುರುತಿನವರು ಯಾರೂ ಇಲ್ಲದ ದಿನ ಪೇಪರನ್ನು ಮಡಚಿಟ್ಟು, "ಇವತ್ತು ಎಂತ ಸುದ್ದಿಯೂ ಇಲ್ಲ" ಎಂದು ಹೇಳಿ ಗಂಜಿಗೆ ಕೂರುತ್ತಾರೆ.

ಅವರ ಈ ಶ್ರದ್ಧೆ ತಮ್ಮ ವಿಷಯದಲ್ಲೂ ಕಡಿಮೆಯಿಲ್ಲ. ಊರಿನಲ್ಲಿ ಯಾರಾದರೂ ಹೋದರೆ ಜಂಕ್ಷನ್ನಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕುತ್ತಾರಲ್ಲ, ಅದರಲ್ಲಿ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ತೆಗೆದ ಮುಖಗಳನ್ನು ನೋಡಿ ನೋಡಿ ಮಾವನಿಗೆ ಜಿಗುಪ್ಸೆ ಬಂದಿತ್ತು. ಪಕ್ಕದವರ ಭುಜ ಒಂದು ಹಾಗೇ ಉಳಿದಿರುತ್ತದಂತೆ. ಆದ್ದರಿಂದ ಅವರು ಬಿ.ಸಿ. ರೋಡಿನ ಸ್ಟುಡಿಯೋಗೆ ಹೋಗಿ ನೀಲಿ ಪರದೆಯ ಎದುರು ಕೂತು ಒಂದು ಫೋಟೋ ತೆಗೆಸಿ ಇಟ್ಟಿದ್ದಾರೆ. ಸ್ಟುಡಿಯೋದವನು ಸ್ವಲ್ಪ ನಗಿ ಅಂದನಂತೆ. "ನಗುವ ಸಂದರ್ಭ ಅಲ್ಲ" ಎಂದು ಮಾವ ಹೇಳಿ ಬಂದರು.

ಅತ್ತೆಗೆ ಇದೆಲ್ಲ ಅಭ್ಯಾಸವಾಗಿದೆ. "ನನ್ನನ್ನು ಒಂದು ಪಿಕ್ಚರಿಗೆ ಕರೆದುಕೊಂಡು ಹೋದವರಲ್ಲ. ಮೂರು ತಾಲೂಕಿನ ಸ್ಮಶಾನದ ದಾರಿ ಮಾತ್ರ ನನಗೂ ಬಾಯಿಪಾಠ ಉಂಟು" ಎನ್ನುತ್ತಾ ಅವರು ಪಂಚೆಗೆ ನೀಲಿ ಹಾಕುತ್ತಾರೆ.

ಇದು ಬರೀ ನಗುವ ಮಾತಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಾವನ ಈ ಹುಚ್ಚಿಗೆ ಒಂದು ಬೆಲೆ ತೆರಬೇಕಾಯಿತು. ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಮನೆತನ ಸಾಗುವ ಕುಟುಂಬ. ಮದುಮಗಳ ಕೈ ಹಿಡಿದು ಮಂಟಪಕ್ಕೆ ತರಬೇಕಾದವನು ಸೋದರಮಾವ. ಮಾವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮೂಡಬಿದ್ರೆಯ ಹತ್ತಿರ ಪುತ್ತಿಗೆಯಲ್ಲಿದ್ದಾರೆ. ಅವರ ಒಬ್ಬಳೇ ಮಗಳ ಮದುವೆಯ ದಿನವೇ ಬೆಳ್ತಂಗಡಿಯಾಚೆ ಯಾರದೋ ಬೊಜ್ಜವಿತ್ತು. ತೀರಿಕೊಂಡವರು ಹಿಂದೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹೆಂಡತಿ ಮಕ್ಕಳಿಲ್ಲ, ನೆಂಟರು ಕಡಿಮೆ. ಅಲ್ಲಿಗೆ ಬೆಳಿಗ್ಗೆ ಮುಖ ತೋರಿಸಿ ಮುಹೂರ್ತಕ್ಕೆ ಮೂಡಬಿದ್ರೆ ಮುಟ್ಟುತ್ತೇನೆ ಎಂದು ಮಾವ ಲೆಕ್ಕ ಹಾಕಿ ಹೊರಟರು. ಬೊಜ್ಜದ ಮನೆಯಲ್ಲಿ ಜನವೇ ಇರಲಿಲ್ಲ. ನಾಲ್ಕು ಜನ ಕೂತ ಪಂಕ್ತಿಯಿಂದ ಏಳಲು ಮಾವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಅವರು ಮದುವೆ ಹಾಲ್‌ಗೆ ಬಂದಾಗ ಧಾರೆ ಮುಗಿದು ಪಾಯಸ ಬಡಿಸುತ್ತಿದ್ದರು. ನನ್ನ ಅಕ್ಕನನ್ನು, ಅಂದರೆ ದೊಡ್ಡಮ್ಮನ ಆ ಮಗಳನ್ನು, ಯಾರೋ ದೂರದ ಸಂಬಂಧಿ ಮಂಟಪಕ್ಕೆ ಕರೆತಂದಿದ್ದರು.

ದೊಡ್ಡಮ್ಮ ಗಲಾಟೆ ಮಾಡುವವರಲ್ಲ. ಬಾಗಿಲಿನ ಹತ್ತಿರ ತಮ್ಮನನ್ನು ನಿಲ್ಲಿಸಿ ತಣ್ಣಗೆ, "ನಿನಗೆ ಸತ್ತವರೇ ಆಗಬೇಕು. ಇನ್ನು ನಾನು ಸತ್ತ ಮೇಲೆ ಬಾ" ಅಂದರು. ನಮಗೆಲ್ಲ ಇನ್ನೊಂದು ಕಟ್ಟಳೆ ಹಾಕಿದರು. ಅವನ ಸುದ್ದಿ ನನ್ನ ಹತ್ತಿರ ಎತ್ತುವುದಾದರೆ ಈ ಮನೆಗೆ ಬರುವುದೂ ಬೇಡ, ಫೋನೂ ಬೇಡ ಎಂದು. ಆ ಮಾತಿಗೆ ಈಗ ವರ್ಷಗಳಾದವು. ಅಕ್ಕ ಗಂಡನ ಜೊತೆ ದುಬೈಗೆ ಹೋದಳು, ಅವಳು ಮಾವನ ಮೇಲಿನ ಸಿಟ್ಟನ್ನೂ ಮರೆತಳು. ದೊಡ್ಡಮ್ಮ ಮರೆಯಲಿಲ್ಲ.

ಮಾವ ಸುಮ್ಮನೆ ಕೂರಲಿಲ್ಲ ಅನ್ನಿ. ವಾರಕ್ಕೊಮ್ಮೆ ಶನಿವಾರ ಮೂಡಬಿದ್ರೆಗೆ ಸಾಮಾನು ತರುವ ನೆಪದಲ್ಲಿ ಹೋಗಿ, ಅಲ್ಲಿಂದ ಪುತ್ತಿಗೆಗೆ ಜೀಪು ತಿರುಗಿಸುತ್ತಿದ್ದರು. ಆ ಜೀಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಬರುವ ಮೊದಲು ಅದರ ಸದ್ದು ಬರುತ್ತಿತ್ತು. ಅದು ಹೋದ ಮೇಲೂ ಹೊಗೆ ಉಳಿಯುತ್ತಿತ್ತು. ಪುಂಜಾಲಕಟ್ಟೆಯಲ್ಲಿ ಸ್ಟಾರ್ಟ್ ಮಾಡಿದರೆ ಅಂಗಡಿಯವರು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸುತ್ತಿದ್ದರು. ಪುತ್ತಿಗೆಯ ತಿರುವಿನಲ್ಲಿ ಆ ಸದ್ದು ಕೇಳಿದ್ದೇ ತಡ, ದೊಡ್ಡಮ್ಮ ಜಗಲಿಯಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿಯುತ್ತಿದ್ದರು. ಮಾವ ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಮುಚ್ಚಿದ ಬಾಗಿಲನ್ನು ನೋಡಿ, ಜೀಪು ತಿರುಗಿಸಿ ಬರುತ್ತಿದ್ದರು. ಮನೆಗೆ ಬಂದು ಅತ್ತೆಯ ಹತ್ತಿರ, "ಅಕ್ಕ ಗಟ್ಟಿ ಇದ್ದಾಳೆ. ಬಾಗಿಲು ಹಾಕಿದ ಜೋರು ನೋಡಿದರೆ ಗೊತ್ತಾಗ್ತದೆ" ಎನ್ನುತ್ತಿದ್ದರು.

ಕಳೆದ ವರ್ಷ ದೊಡ್ಡಮ್ಮನಿಗೆ ಎದೆಯ ತೊಂದರೆ ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದರು, ಆದರೆ ಮೊದಲಿನ ಹಾಗೆ ಇರಲಿಲ್ಲ. ಅಂದಿನಿಂದ ಮಾವನಿಗೆ ಹೆದರಿಕೆ ಶುರುವಾಯಿತು. ಅಕ್ಕನ ಮನೆಯೊಳಗೆ ಕಾಲಿಡುವುದು ಅವಳ ಬೊಜ್ಜಕ್ಕೇ ಆಗಿಬಿಟ್ಟರೆ? ಬೇರೆಯವರ ಸಾವನ್ನು ಅಷ್ಟು ನೆಮ್ಮದಿಯಿಂದ ನಡೆಸಿಕೊಡುವ ಮನುಷ್ಯ ಈ ಒಂದರ ವಿಚಾರ ಬಂದರೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಹೀಗಿರುವಾಗ ಫೆಬ್ರವರಿಯ ಒಂದು ಸೆಕೆಯ ಬೆಳಿಗ್ಗೆ ನನಗೆ ಅವರ ಫೋನು ಬಂತು. ನಾನು ಬಂಟ್ವಾಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೇನೆ.

"ಪೇಪರು ನೋಡಿದೆಯಾ? ಕರೆಂಟಿನ ಕಾರಿಗೆ ತೆರಿಗೆ ವಿನಾಯಿತಿ ಉಂಟಲ್ಲ, ಮನೆಯಲ್ಲಿ ಚಾರ್ಜರು ಕೂರಿಸಲಿಕ್ಕೂ ರಿಯಾಯಿತಿ ಉಂಟಲ್ಲ, ಅದು ಮಾರ್ಚ್ ಕೊನೆಗೆ ಹೋಗ್ತದಂತೆ."

ಆ 'ಹೋಗ್ತದಂತೆ' ಎನ್ನುವ ಧ್ವನಿ ಕೇಳಿ ನನಗೆ ರಿಯಾಯಿತಿ ಐಸಿಯುವಿನಲ್ಲಿದೆಯೇನೋ ಅನಿಸಿತು. "ಅದಕ್ಕೆ ನಿಮಗೆಂತ ಮಾವ?" ಅಂದೆ.

"ಹೋಗುವ ಮೊದಲು ಒಂದು ಸಲ ನೋಡಿ ಬರುವ" ಅಂದರು.

ಮರುದಿನವೇ ಶೋರೂಮಿಗೆ ಹೋದೆವು. ಕತ್ತಿಗೆ ಟೈ ಬಿಗಿದ ಹುಡುಗ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ, ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂದು ಶುರುಮಾಡಿದ. ಮಾವ ಕೈಯೆತ್ತಿ ತಡೆದು, "ಸ್ಟಾರ್ಟ್ ಮಾಡಿ ತೋರಿಸು" ಅಂದರು.

"ಆಗಿಯೇ ಉಂಟು ಸರ್."

ಮಾವ ಬಾನೆಟ್ಟಿನ ಮೇಲೆ ಕಿವಿಯಿಟ್ಟರು. ಶೋರೂಮಿನವರೆಲ್ಲ ನಿಂತು ನೋಡಿದರು. ಮಾವ ತಲೆಯೆತ್ತಿದಾಗ ಅವರ ಮುಖದಲ್ಲಿ ನಾನು ಎಂದೂ ಕಾಣದ ಸಂತೋಷವಿತ್ತು. "ಬೊಜ್ಜದ ಮನೆಗೆ ಹೇಳಿ ಮಾಡಿಸಿದ ಹಾಗೆ ಉಂಟು" ಅಂದರು. ಹುಡುಗನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪಾಪ, ಮೆಲ್ಲಗೆ ಹೋಗುವಾಗ ಜನರಿಗೆ ಗೊತ್ತಾಗಲೆಂದು ಕೆಲವು ಕಾರುಗಳಲ್ಲಿ ಸಣ್ಣ ಸದ್ದು ಬರುವಂತೆ ಮಾಡಿರುತ್ತಾರೆ, ಅಂಥದ್ದು ಬೇಕೇ ಎಂದು ಕೇಳಿದ. "ಅದಿದ್ದರೆ ನನಗೆ ಈ ಕಾರೇ ಬೇಡ" ಎಂದು ಮಾವ ಎದ್ದೇಬಿಟ್ಟರು. ಅವರನ್ನು ಮತ್ತೆ ಕೂರಿಸಲು ನನಗೆ ಸಾಕಾಯಿತು.

ನನಗೆ ಆಗ ಅನಿಸಿದ್ದು ಬೇರೆ. ಹಿಂದೊಮ್ಮೆ ಪೊಳಲಿಯ ಹತ್ತಿರದ ಒಂದು ಬೊಜ್ಜದಲ್ಲಿ ನುಡಿನಮನ ಮುಗಿದು ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಿದ್ದಾಗಲೇ ಮಾವನ ಜೀಪು ಅಂಗಳಕ್ಕೆ ನುಗ್ಗಿತ್ತು. ಮೌನ ಮುಗಿಸಲು ಹೇಳಬೇಕಾದವರು ತಾವು ಹೇಳಿದ್ದು ಯಾರಿಗೂ ಕೇಳಿಸದೆ ಕೈಸನ್ನೆ ಮಾಡಿದರು. ಆ ಅವಮಾನಕ್ಕೇ ಮಾವ ಈ ಕಾರು ಹಿಡಿದಿದ್ದಾರೆ ಎಂದು ನಾನು ಭಾವಿಸಿದ್ದೆ. ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತಿನಲ್ಲಿ ಅದನ್ನು ಸರಿಪಡಿಸಿದರು.

"ಬೊಜ್ಜಕ್ಕಲ್ಲ ಅದು. ಸದ್ದಿಲ್ಲದ ಗಾಡಿಯಾದರೆ ಬಾಗಿಲು ಹಾಕುವ ಮೊದಲು ಅಕ್ಕನ ಜಗಲಿ ಹತ್ತಬಹುದಲ್ಲ, ಅದಕ್ಕೆ. ಹೇಳಲಿಕ್ಕೆ ನಾಚಿಕೆ. ತೆರಿಗೆ, ರಿಯಾಯಿತಿ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗ್ತಾರೆ."

ಅದನ್ನು ಕೇಳಿದ ಮೇಲೆ ನನಗೆ ಮಾವನನ್ನು ಗೇಲಿ ಮಾಡುವುದು ಸ್ವಲ್ಪ ಕಷ್ಟವಾಯಿತು. ಆದರೆ ಮಾವ ಬಿಡಬೇಕಲ್ಲ!

ಶೋರೂಮಿನ ಕೊಡುಗೆಯಲ್ಲಿ ಹಳೆಯ ಜೀಪನ್ನು ಮೊದಲು ಒಪ್ಪಿಸಬೇಕಿತ್ತು. ಚಾರ್ಜರು ಕೂರಿಸಿ, ವಿದ್ಯುತ್ ಕಚೇರಿಯವರು ನೋಡಿ ಒಪ್ಪಿದ ಮೇಲೆಯೇ ಕಾರು ಮನೆಗೆ. ಎಲ್ಲವೂ ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಜೀಪು ಹೋಯಿತು. ಚಾರ್ಜರಿನ ಪೆಟ್ಟಿಗೆ ಬಂತು. ಅದನ್ನು ಗೋಡೆಗೆ ಕೂರಿಸಲು ಬಂದ ಇಲೆಕ್ಟ್ರಿಶಿಯನ್ನು ಮೊದಲು ಅರ್ಥಿಂಗಿಗೆ ಅಂಗಳದ ಬದಿಯಲ್ಲಿ ಗುಂಡಿ ತೆಗೆಸಬೇಕು ಅಂದ. ಗುಂಡಿ ಎಂದ ಕೂಡಲೇ ಮಾವ ಮುಂಡಾಸು ಕಟ್ಟಿ ನಿಂತರು. ಈ ವಿದ್ಯೆಯಲ್ಲಿ ಅವರ ಅನುಭವ ಕಡಿಮೆಯೇ?

"ಇಷ್ಟು ಸಾಕಾ? ಇನ್ನೂ ತೆಗೆಯಬೇಕು. ನಾಯಿ ಕೆದಕ್ತದೆ."

"ಇದರಲ್ಲಿ ಯಾರನ್ನೂ ಹಾಕ್ಲಿಕ್ಕಿಲ್ಲ ಅಣ್ಣ. ಇದ್ದಿಲು, ಉಪ್ಪು ಮತ್ತು ಒಂದು ಪೈಪು."

"ಉಪ್ಪೂ ಹಾಕ್ತಾರಾ?" ಎಂದು ಮಾವ ಗಂಭೀರವಾಗಿ ತಲೆದೂಗಿದರು. "ಮತ್ತೆ ಬೇರೆ ಎಂತ ವ್ಯತ್ಯಾಸ ಮಾರಾಯ?"

ಇಲೆಕ್ಟ್ರಿಶಿಯನ್ನು ಆ ದಿನ ಚಹಾ ಕುಡಿಯದೆ ಹೋದ.

ಚಾರ್ಜರು ಗೋಡೆಗೆ ಬಂತು. ವಿದ್ಯುತ್ ಕಚೇರಿಯಿಂದ ಯಾರೂ ಬರಲಿಲ್ಲ. ಮಾರ್ಚ್ ಕರಗುತ್ತಿತ್ತು. ಈ ರಿಯಾಯಿತಿಗಾಗಿ ಊರಿನ ಅರ್ಧ ಜನ ಅರ್ಜಿ ಹಾಕಿದ್ದರಿಂದ ಕಚೇರಿಯ ಅಧಿಕಾರಿಗೆ ತಲೆಯೆತ್ತಲು ಹೊತ್ತಿರಲಿಲ್ಲ. ನಾನು ರಜೆ ಹಾಕಿ ಮಾವನನ್ನು ಕರೆದುಕೊಂಡು ಹೋದೆ. ಅಧಿಕಾರಿ ಫೈಲಿನಿಂದ ಕಣ್ಣೆತ್ತದೆ, ಮುಂದಿನ ತಿಂಗಳು ನೋಡುವ ಅಂದರು. ಮಾವ ಹೋಗಲಿಲ್ಲ, ಮಾತಾಡಲಿಲ್ಲ, ತಮ್ಮ ಎಂದಿನ ಸಂತಾಪದ ಮುಖ ಹೊತ್ತು ಎದುರಿನ ಕುರ್ಚಿಯಲ್ಲಿ ಕೂತರು. ಕೊನೆಗೆ ಅಧಿಕಾರಿ ಕಣ್ಣೆತ್ತಿ ದಿಟ್ಟಿಸಿ ನೋಡಿದರು.

"ನೀವು ನಮ್ಮ ತಾಯಿಯ ಬೊಜ್ಜಕ್ಕೆ ಬಂದಿದ್ದೀರಲ್ಲವಾ? ಮೊದಲನೇ ಪಂಕ್ತಿಯಲ್ಲಿ ಕೂತಿದ್ದಿರಿ."

"ಹೌದು. ಒಳ್ಳೆಯ ಮರಣ. ನರಳಲಿಲ್ಲ" ಎಂದರು ಮಾವ.

ಅಧಿಕಾರಿಯ ಕಣ್ಣು ತುಂಬಿತು. ಮರುದಿನ ಬೆಳಿಗ್ಗೆ ಅವರೇ ಮನೆಗೆ ಬಂದು ಎಲ್ಲ ನೋಡಿ ಒಪ್ಪಿಗೆ ಕೊಟ್ಟರು. ಅವರು ಹೊರಡುವಾಗ ಮಾವ ನನ್ನ ಕಿವಿಯಲ್ಲಿ, "ಮದುವೆಗೆ ಬಂದವರ ಮುಖ ಯಾರಾದರೂ ನೆನಪಿಡ್ತಾರಾ ಹೇಳು" ಎಂದು ಕೇಳಿದರು.

ಇಷ್ಟೆಲ್ಲ ಆಗುವ ಹೊತ್ತಿಗೆ ಜೀಪು ಹೋಗಿ ಕಾರು ಬರದೆ ಮಾವ ಎರಡೂ ಇಲ್ಲದವರಾಗಿದ್ದರು. ಅತಿ ಅಗತ್ಯದ ಸಾವುಗಳಿಗೆ ನನ್ನ ಸ್ಕೂಟರಿನ ಹಿಂದೆ, ಪಂಚೆ ಎತ್ತಿ ಕಟ್ಟಿ, ನನ್ನ ಹೆಲ್ಮೆಟ್ಟಿನ ಮೇಲೆ ಕೊಡೆ ಹಿಡಿದು ಬರುತ್ತಿದ್ದರು. ಪುತ್ತಿಗೆಗೆ ಮಾತ್ರ ಹೋಗಿರಲಿಲ್ಲ. ಬಸ್ಸಿನಲ್ಲಿ ಹೋಗುವ ಅಂದರೆ, "ಬಸ್ಸಿಳಿದು ಗದ್ದೆಯಲ್ಲಿ ನಡೆದು ಬರುವಾಗಲೇ ಅವಳಿಗೆ ಕಾಣ್ತದೆ. ಕಾರು ಬರಲಿ" ಅಂದರು.

ಆ ದಿನಗಳಲ್ಲೇ ಒಮ್ಮೆ ದೊಡ್ಡಮ್ಮ ನನಗೆ ಫೋನು ಮಾಡಿದ್ದರು. ಅವರಾಗಿ ಫೋನು ಮಾಡುವುದೇ ಅಪರೂಪ. "ಅಲ್ಲಿ ಎಲ್ಲ ಸೌಖ್ಯವಾ?" ಎಂದು ಕೇಳಿದರು. ಸೌಖ್ಯ ಅಂದೆ. ಫೋನು ಇಡದೆ, "ಎಲ್ಲರೂ?" ಅಂದರು. ಮಾವನ ಹೆಸರೆತ್ತಬಾರದೆಂಬ ಕಟ್ಟಳೆ ಇತ್ತಲ್ಲ, ಮೇಲಾಗಿ ಮಾವನ ಗುಟ್ಟು ಬೇರೆ ನನ್ನ ಹೊಟ್ಟೆಯಲ್ಲಿತ್ತು. ನಾನು ತಡವರಿಸಿ, ಎಲ್ಲರೂ ಸೌಖ್ಯ, ಆಮೇಲೆ ಮಾಡ್ತೇನೆ ಎಂದು ಇಟ್ಟುಬಿಟ್ಟೆ.

ಕಾರು ಬಂದದ್ದು ಮಾರ್ಚಿನ ಕೊನೆಯ ವಾರ. ಮಾವ ಚಾರ್ಜರಿಗೆ ಗಂಧ ಹಚ್ಚಿದರು, ಅದರ ವಯರನ್ನು ಕಾರಿಗೆ ಸಿಕ್ಕಿಸಿದರು, ಹಸಿರು ದೀಪ ಹತ್ತಿತು, ಕರೆಂಟು ಹೋಯಿತು. ಬೇರೆಯವರಾಗಿದ್ದರೆ ಅಪಶಕುನ ಎನ್ನುತ್ತಿದ್ದರು. ಮಾವ ಕುರ್ಚಿ ತಂದು ಕಾರಿನ ಪಕ್ಕದಲ್ಲಿ ಕೂತರು. ಯಾರೋ ಕಾಯಿಲೆಯವರ ಹತ್ತಿರ ಕೂತ ಹಾಗೆ ಆಗಾಗ ಅದರ ಮೇಲೆ ಕೈಯಾಡಿಸುತ್ತಾ, "ಬರ್ತದೆ, ಬರ್ತದೆ" ಅನ್ನುತ್ತಿದ್ದರು. ಸಂಜೆಗೆ ಕರೆಂಟು ಬಂತು.

ಶನಿವಾರ ಮಧ್ಯಾಹ್ನ ಮಾವ ಮತ್ತು ನಾನು ಹೊರಟೆವು. ಸಿದ್ದಕಟ್ಟೆ ದಾಟಿ ಮೂಡಬಿದ್ರೆ ಮುಟ್ಟುವವರೆಗೂ ಮಾವ ಬಾಯಿ ಬಿಡಲಿಲ್ಲ. ಎಷ್ಟೋ ಸಾವಿನ ಮನೆಗಳಿಗೆ ಅವರ ಜೊತೆ ಹೋಗಿದ್ದೇನೆ. ದಾರಿಯುದ್ದಕ್ಕೂ ಸತ್ತವರ ಕಥೆ ಹೇಳಿ ನಗಿಸುತ್ತಿದ್ದವರು ಬದುಕಿರುವ ಅಕ್ಕನ ಮನೆಗೆ ಹೋಗುವಾಗ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಬೆವರುತ್ತಿದ್ದರು. ಪುತ್ತಿಗೆಯ ತಿರುವಿನಲ್ಲಿ ಹಾರ್ನ್ ಮಾಡಬೇಕಾದಲ್ಲಿ ಮಾಡಲಿಲ್ಲ. ಒಂದು ಕೋಳಿ ಕೊನೆಯ ಗಳಿಗೆಯಲ್ಲಿ ಹಾರಿ ಬದುಕಿಕೊಂಡಿತು. ಕಾರು ಗೇಟಿನ ಮುಂದೆ ನಿಂತಾಗ ನಮ್ಮ ಉಸಿರಾಟವೇ ಕಾರಿಗಿಂತ ಜೋರಾಗಿ ಕೇಳುತ್ತಿತ್ತು.

ದೊಡ್ಡಮ್ಮ ಜಗಲಿಯಲ್ಲಿದ್ದರು. ಬಾಗಿಲು ತೆರೆದಿತ್ತು. ಅವರು ರಸ್ತೆಯ ಕಡೆಗೇ ಮುಖಮಾಡಿ ಕೂತಿದ್ದರು, ಆದರೆ ಕಣ್ಣು ಮುಚ್ಚಿದ್ದರು. ಮಾವ ಚಪ್ಪಲಿ ಕಾರಿನಲ್ಲೇ ಬಿಟ್ಟು, ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಡೆದು ಹೋದರು. ನಾನು ಹಿಂದೆ. ಮಾವ ಮೆಟ್ಟಿಲ ಬುಡದಲ್ಲಿ ನಿಂತರು.

ದೊಡ್ಡಮ್ಮ ಕಣ್ಣು ತೆರೆದರು. ಮಾವನನ್ನು ಕಂಡು ಕಂಬ ಹಿಡಿದುಕೊಂಡು ಎದ್ದರು. ಈಗ ಒಳಗೆ ಓಡುತ್ತಾರೆ ಎಂದುಕೊಂಡೆ. ಅವರು ಓಡಲಿಲ್ಲ. ಮಾವನ ಮುಖ ನೋಡಲಿಲ್ಲ, ಬಗ್ಗಿ ಅವರ ಕಾಲನ್ನು ನೋಡಿದರು. ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ನೋಡಿದ್ದು ಎಂದು ನನಗೆ ಆಮೇಲೆ ಹೊಳೆಯಿತು.

"ನೀನು ಇದ್ದೀಯಾ?" ಅಂದರು.

"ಇದ್ದೇನೆ ಅಕ್ಕ. ಎಂತ ಹಾಗೆ ಕೇಳ್ತೀ?"

"ಜೀಪು ಬರ್ಲಿಲ್ಲ" ಎಂದರು ದೊಡ್ಡಮ್ಮ. "ಒಂದು ಶನಿವಾರವೂ ತಪ್ಪಿಸಿದವನಲ್ಲ ನೀನು. ಬಾಗಿಲು ಹಾಕಿ ಕಿಟಕಿಯ ಹತ್ತಿರವೇ ನಿಲ್ತಿದ್ದೆ, ನೀನು ತಿರುಗಿಸಿಕೊಂಡು ಹೋಗುವ ಸದ್ದು ಪೂರ್ತಿ ನಿಲ್ಲುವವರೆಗೆ. ಮತ್ತೆ ಸದ್ದೇ ಇಲ್ಲ. ಇವಳಿಗೆ ಫೋನು ಮಾಡಿದರೆ ಇವಳು ತಡವರಿಸಿದಳು. ನೀನು ಹೋದೆ, ನನಗೆ ಹೇಳ್ತಾ ಇಲ್ಲ ಅಂತ ಗ್ರಹಿಸಿದೆ. ಹೇಳಬೇಡಿ ಅಂದವಳು ನಾನೇ ಅಲ್ಲವಾ, ಯಾರ ಹತ್ತಿರ ಹೋಗಿ ಕೇಳುವುದು?"

ಮಾವ ಏನೋ ಹೇಳಲು ಹೊರಟರು, ದೊಡ್ಡಮ್ಮ ಬಿಡಲಿಲ್ಲ.

"ಮೊನ್ನೆ ನಿನಗೆ ಎಲೆ ಹಾಕಿದೆ."

ನಮ್ಮಲ್ಲಿ ಸತ್ತವರಿಗೆ ಅವರ ಇಷ್ಟದ್ದನ್ನೆಲ್ಲ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಬಾ ಎಂದು ಕರೆದು, ಬಂದು ಉಣ್ಣಲಿ ಎಂದು ಬಾಗಿಲು ಎಳೆದು ಹೊರಗೆ ಕಾಯುವುದುಂಟು. ದೊಡ್ಡಮ್ಮ ಅದನ್ನು ತಮ್ಮ ಜೀವಂತ ತಮ್ಮನಿಗೆ, ಯಾರಿಗೂ ಹೇಳದೆ, ಒಬ್ಬರೇ ಮಾಡಿದ್ದರು.

ಸಾವಿನ ಮನೆಯಲ್ಲಿ ಯಾರಿಗೆ ಏನು ಹೇಳಬೇಕೆಂದು ಮೂರು ತಾಲೂಕಿಗೇ ಕಲಿಸಬಲ್ಲ ಮಾವನಿಗೆ ತಮ್ಮದೇ ಸಾವಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಕೊನೆಗೆ ಮಗುವಿನ ಹಾಗೆ, "ಎಂತ ಬಡಿಸಿದ್ದೆ?" ಎಂದು ಕೇಳಿದರು.

"ಬಂಗುಡೆ ಮೀನಿನ ಪುಳಿಮುಂಚಿ. ಕೆಂಪಕ್ಕಿ ಅನ್ನ. ನನಗೆ ಖಾತ್ರಿ ಇರಲಿಲ್ಲ ತಮ್ಮಾ. ಸತ್ತಿದ್ದರೆ ಹಸಿದುಕೊಂಡು ತಿರುಗುವುದು ಬೇಡ ಅಂತ ಹಾಕಿದೆ. ಬದುಕಿದ್ದರೆ..." ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಾವ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ಮುಖ ಮುಚ್ಚಿಕೊಳ್ಳಲಿಲ್ಲ, ಸದ್ದು ತಡೆಯಲಿಲ್ಲ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಮಾವ ಅಳುವುದನ್ನು ನಾನು ಅದಕ್ಕೆ ಮೊದಲು ಎಲ್ಲಿಯೂ ನೋಡಿರಲಿಲ್ಲ. ನನಗೂ ಅಳು ಬಂತು, ಯಾರನ್ನು ಸಮಾಧಾನ ಮಾಡುವುದೆಂದು ತಿಳಿಯದೆ ಅಂಗಳದಲ್ಲೇ ನಿಂತೆ.

ದೊಡ್ಡಮ್ಮ ಕಷ್ಟಪಟ್ಟು ಬಗ್ಗಿ ಮಾವನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಅಲ್ಲಿಂದ ಕೆನ್ನೆಗೆ, ಕುತ್ತಿಗೆಗೆ, ಭುಜಕ್ಕೆ ಇಳಿಯಿತು.

"ಬಿಸಿ ಉಂಟು" ಎಂದರು. "ಏಳು, ಒಳಗೆ ಬಾ. ನನಗೂ ಊಟ ಆಗಲಿಲ್ಲ."